ಅಮೃತಾ ತಂದ ಗಿಡ

"ಕೊಂದೆಲ್ಲೇ...! ನನ್ನ ಮಗಳ ಗಿಡಾನ ಕೊಂದಬಿಟ್ಟೆಲ್ಲೇ ಪಾಪಿ...!"

ದುರಗಮ್ಮನ ಚೀರಾಟಕ್ಕೆ ದೇವಕಮ್ಮನ ಕೈಯಲ್ಲಿದ್ದ ಚೂರಿ ಜಾರಿ ಬಿತ್ತು. ನಾರಾಯಣಪುರದ ನೀರಾವರಿ ಕ್ವಾರ್ಟರ್ಸಿನ ಆ ಪುಟ್ಟ ಹಿತ್ತಲಲ್ಲಿ, ಬೇವಿನ ಮರದ ನೆರಳಿಗೆ ಗೋಣಿಚೀಲ ಹಾಸಿ, ಅದರ ಮೇಲೆ ಆರ್ಕಿಡ್ ಗಿಡವನ್ನು ಮಲಗಿಸಿಕೊಂಡು ಅವಳು ಕೂತಿದ್ದಳು. ಕುಂಡ ಬರಿದಾಗಿ ಪಕ್ಕಕ್ಕೆ ಉರುಳಿತ್ತು. ಅದರೊಳಗಿನ ಎರೆಮಣ್ಣು ಕೆಸರಿನ ಮುದ್ದೆಯಾಗಿ ಬಿದ್ದಿತ್ತು. ಸುತ್ತಲೂ ಕತ್ತರಿಸಿ ಹಾಕಿದ ಬೇರುಗಳು... ಕಪ್ಪಗೆ, ಲೋಳೆಯಾಗಿ, ಮುಟ್ಟಿದರೆ ಸಿಪ್ಪೆ ಜಾರಿ ಒಳಗಿನ ನೂಲಷ್ಟೇ ಕೈಗೆ ಸಿಗುವ ಹಾಗೆ ಕೊಳೆತ ಬೇರುಗಳು. ಮೋರಿಯ ನಾತ ಹಿತ್ತಲನ್ನೆಲ್ಲ ತುಂಬಿತ್ತು.

ಹನುಮಪ್ಪನ ಗುಡಿಗೆಂದು ಹೋದ ಮುದುಕಿ ಇಷ್ಟು ಬೇಗ ತಿರುಗಿ ಬರುತ್ತಾಳೆಂದು ದೇವಕಮ್ಮ ಎಣಿಸಿರಲಿಲ್ಲ. ಒಯ್ದಿದ್ದ ತೆಂಗಿನಕಾಯಿ ಒಡೆಯದೆ ಹಾಗೆಯೇ ಆಕೆಯ ಕೈಯಲ್ಲಿತ್ತು. ಆಕೆ ಅದನ್ನು ಅಲ್ಲೇ ಎಸೆದು, ನೆಲಕ್ಕೆ ಕುಸಿದು, ಆ ಬೇರಿನ ತುಂಡುಗಳನ್ನು ಎರಡೂ ಕೈಯಿಂದ ಬಾಚಿ ಎದೆಗೆ ಒತ್ತಿಕೊಂಡಳು.

"ಯವ್ವಾ ಅಮೃತಾ... ನಿನ್ನ ಹೆಸರು ಈ ಮನ್ಯಾಗ ಉಳೀಬಾರದು ಅಂತ ಬೇರ ಕೊಯ್ದಾಳ ನೋಡ ಯವ್ವಾ...!"

"ಆಯಿ, ಹಂಗಲ್ಲ ಆಯಿ... ಕೊಳತಾವ. ಕೊಳತದ್ದು ತಗೀಲಿಲ್ಲಂದ್ರ ಇಡೀ ಗಿಡಾನ ಹೋಗತದ. ನೋಡು, ಇವು ಇನ್ನೂ ಗಟ್ಟಿ ಅವ..." ದೇವಕಮ್ಮ ಬೂದು ಹಸಿರಿನ ಕೆಲವು ಬೇರುಗಳನ್ನು ಎತ್ತಿ ತೋರಿಸಿದಳು.

"ಮುಟ್ಟಬ್ಯಾಡ! ನಿನ್ನ ಕೈ ಸೋಂಕಿದ್ದಕ್ಕ ಕೊಳತದ ಅದು!"

ಬಾಜು ಮನೆಯ ಹುಸೇನಬೀ ಕಾಂಪೌಂಡಿನ ಮೇಲಿಂದ ಇಣುಕಿ, ಸೆರಗು ಬಾಯಿಗಿಟ್ಟುಕೊಂಡಳು. ಅಷ್ಟರಲ್ಲಿ ಕಾಲುವೆಯ ಗೇಟಿನ ಡ್ಯೂಟಿ ಮುಗಿಸಿ ಬಂದ ದೇವಕಮ್ಮನ ಗಂಡ ಸಾಬಣ್ಣ ಸೈಕಲ್ಲು ನಿಲ್ಲಿಸಿದ. ಹಿತ್ತಲಿಗೆ ಬಂದವನ ಕಣ್ಣು ಮೊದಲು ಗಿಡದ ಮೇಲೆ ಬಿತ್ತು. ಅವನ ಮುಖದ ಬಣ್ಣವೇ ಇಳಿದುಹೋಯಿತು.

"ಏನಿದು?"

"ಬೇರು ಕೊಳತಿದ್ವರಿ. ನೀರು ಹೆಚ್ಚಾಗಿ..."

"ಯಾರು ಹಾಕಿದ್ರು ಅಷ್ಟು ನೀರು?"

ಎದುರಿಗೆ ದುರಗಮ್ಮ ಕೆಸರು ಮೆತ್ತಿದ ಕೈಯಿಂದಲೇ ಕಣ್ಣೊರೆಸಿಕೊಳ್ಳುತ್ತ, "ನಾ ಹೊತ್ತು ಹುಟ್ಟೂದ್ರಾಗ ಒಂದ ಚಂಬು ಹಾಕ್ತೀನಪ್ಪಾ. ಮತ್ತ ಹನಿ ಹಾಕೂದಿಲ್ಲ" ಎಂದಳು. ಆಕೆ ಸುಳ್ಳು ಹೇಳುತ್ತಿರಲಿಲ್ಲ. ಆಕೆಗೆ ಗೊತ್ತಿದ್ದದ್ದು ಅಷ್ಟೇ!

"ನಿನ್ನ ಕೇಳಾಕತ್ತೀನಿ ದೇವಕಿ. ಯಾರು ಹಾಕಿದ್ರು?"

"...ನಾನ ಹಾಕೀನ್ರಿ."

ಹೇಳಿದ ಮೇಲೆ ಅವಳಿಗೇ ತನ್ನ ದನಿ ಬೇರೆ ಯಾರದೋ ಅನ್ನಿಸಿತು. ಸಾಬಣ್ಣ ಕೈ ಎತ್ತುವ ಗಂಡಸಲ್ಲ. ಎತ್ತಿದ್ದರೆ ಚೆನ್ನಾಗಿತ್ತೇನೋ! ತಣ್ಣಗೆ ಹೇಳಿದ: "ಅಮೃತಾಂದು ಅಂತ ಇದ್ದದ್ದು ಇದೊಂದ. ನಿನಗ ಅದೂ ಕಣ್ಣಾಗ ಚುಚ್ಚಿತು. ನಾಳಿ ಬಸ್ ಹತ್ತು. ಸ್ವಲ್ಪ ದಿನ ಅಪ್ಪನ ಮನ್ಯಾಗ ಇರು. ಬಾ ಅಂದಾಗ ಬರುವಿಯಂತ."

ದೇವಕಮ್ಮ ತಲೆ ತಗ್ಗಿಸಿ ಗಿಡವನ್ನು ಗೋಣಿಯಲ್ಲಿ ಮುಚ್ಚಿದಳು. ಅಳು ಬರಲಿಲ್ಲ.

ಗುರುಮಠಕಲ್ ಕಡೆಯ ಒಣ ಬೇಸಾಯದ ಊರಿನಿಂದ ಅವಳು ಈ ಮನೆಗೆ ಎರಡನೆಯ ಹೆಂಡತಿಯಾಗಿ ಬಂದವಳು. ಸಾಬಣ್ಣನ ಮೊದಲ ಹೆಂಡತಿ ಅಮೃತಾ ಊರ ಸಾಲಿಯಲ್ಲಿ ಟೀಚರಾಗಿದ್ದಳು. ಮಕ್ಕಳನ್ನು ಶಿರಸಿ ಕಡೆಗೆ ಪ್ರವಾಸಕ್ಕೆ ಕರೆದೊಯ್ದಾಗ ಈ ಗಿಡ ಕೊಂಡು, ಬಸ್ಸಿನಲ್ಲಿ ಇಡೀ ದಾರಿ ತೊಡೆಯ ಮೇಲಿಟ್ಟುಕೊಂಡೇ ತಂದಿದ್ದಳಂತೆ. ಈ ಬಿಸಿಲಿಗೆ ಬದುಕುವುದಿಲ್ಲ ಎಂದವರೆಲ್ಲ ಬೆರಗಾಗುವಂತೆ ಅದು ನೇರಳೆ ಬಣ್ಣದ ಹೂ ಬಿಟ್ಟಿತ್ತು. ಮರುವರ್ಷ ಜ್ವರವೊಂದು ನೆತ್ತಿಗೇರಿ ಅಮೃತಾ ಹೋಗಿಬಿಟ್ಟಳು. ತಾಯಿಯಿಲ್ಲದ ಮೊಮ್ಮಗಳು ರೇಣುಕಾಳನ್ನು ನೋಡಿಕೊಳ್ಳಲು ಬಂದ ದುರಗಮ್ಮ, ಅಳಿಯ ಬೇರೆ ಮದುವೆಯಾದ ಮೇಲೂ ಇಲ್ಲೇ ಉಳಿದಳು. ದೇವಕಮ್ಮನಿಗೆ ಸ್ವಂತ ಅತ್ತೆ ಇರಲಿಲ್ಲ. ಅತ್ತೆಯ ದರ್ಪವನ್ನೆಲ್ಲ ನಡೆಸಿದವಳು ಈ ತೀರಿಹೋದವಳ ತಾಯಿ! ದೇವಕಮ್ಮ ಬಡಿದ ರೊಟ್ಟಿಯನ್ನು ಮುಟ್ಟದೆ ತಾನೇ ಬೇರೆ ಬಡಿದುಕೊಳ್ಳುವಳು. "ನಮ್ಮ ಅಮೃತಾ ಸಾರಿಗೆ ಹಿಂಗ ಹುಳಿ ಹಿಂಡತಿದ್ದಿಲ್ಲ" ಎನ್ನುವಳು. ರೇಣುಕಾ ಅಪ್ಪಿತಪ್ಪಿ "ಅವ್ವಾ" ಎಂದರೆ, "ನಿಮ್ಮವ್ವ ಗೋಡಿ ಮ್ಯಾಲ ಅದಾಳ" ಎಂದು ಹೂವಿನ ಹಾರ ಹಾಕಿದ ಫೋಟೋ ತೋರಿಸುವಳು. ದೇವಕಮ್ಮ ಎಷ್ಟು ಸಲ ಅಡುಗೆಮನೆಯ ಹೊಗೆಯ ನೆಪದಲ್ಲಿ ಕಣ್ಣೊರೆಸಿಕೊಂಡಿದ್ದಳೋ!

ಅಂಥ ಮುದುಕಿಯಲ್ಲಿ ಏನೋ ಕಳಚುತ್ತಿದೆ ಎಂದು ಅವಳಿಗೆ ತಿಳಿದದ್ದು ಚಳಿಗಾಲದಲ್ಲಿ. ಗಿಡಕ್ಕೆ ನೀರು ಹಾಕಿ ಒಳಗೆ ಬಂದ ದುರಗಮ್ಮ, ಚಹಾ ಕುಡಿದು, ಮತ್ತೆ ಚಂಬು ಹಿಡಿದು ಹೊರಟಳು. ಸ್ನಾನ ಮಾಡಿ ಬಂದು ಮತ್ತೆ. ಊಟವಾದ ಮೇಲೆ ಮತ್ತೆ. ಒಂದು ದಿನ ಕಾಲುವೆಯ ಕೆಳಗಿನ ಹೊಲದಿಂದ ಸೆರಗಿನಲ್ಲಿ ಎರೆಮಣ್ಣು ಕಟ್ಟಿಕೊಂಡು ಬಂದು, "ಮಣ್ಣಿಲ್ಲದ ಗಿಡ ಹ್ಯಾಂಗ ಬಾಳತದ" ಎಂದು ಕುಂಡದ ಬಾಯಿವರೆಗೂ ತುಂಬಿದಳು. ನೀರು ಹಿಡಿದಿಟ್ಟುಕೊಳ್ಳುವ ಕರಿಮಣ್ಣು ಅದು; ಈ ಗಿಡಕ್ಕೋ ಮಣ್ಣೇ ಬೇಡ, ಬೇರಿಗೆ ಗಾಳಿ ಬೇಕು. ಎಲೆಗಳು ಹಳದಿಯಾದವು, ಜೋತುಬಿದ್ದವು. ಜೋತಷ್ಟೂ ಬಾಯಾರಿದೆಯೆಂದು ಮುದುಕಿ ಇನ್ನಷ್ಟು ನೀರು ಸುರಿದಳು.

ಮೊದಲ ಸಲ ಅದನ್ನು ಕಂಡಾಗ ದೇವಕಮ್ಮನಿಗೆ ಹಿಗ್ಗಾಗಿತ್ತು. ಹೌದು, ಹಿಗ್ಗು! ಇನ್ನು ಈಕೆಯ ಆಟ ಮುಗಿಯಿತು, ಇನ್ನು ಈ ಮನೆ ನನ್ನದು ಎಂದು. ಆಮೇಲೆ ಒಂದು ಸಂಜೆ ಮುದುಕಿ ಒಲೆಯ ಮೇಲೆ ಹಾಲಿಟ್ಟು ಮರೆತು, ಪಾತ್ರೆ ಸುಟ್ಟು ಮನೆ ತುಂಬ ಹೊಗೆಯಾಯಿತು. ಒಳಗೆ ರೇಣುಕಾ ಮಲಗಿದ್ದಳು. ಸಾಬಣ್ಣ ಹೆದರಿ ಕೂಗಾಡಿದ: "ಇನ್ನೊಮ್ಮಿ ಹಿಂಗಾದ್ರ ಮಗನ ಮನಿಗಿ ಬಿಟ್ಟ ಬರ್ತೀನಿ ಅತ್ತಿ, ಖರೇ ಹೇಳ್ತೀನಿ!"

ಆ ಮಾತು ಕೇಳಿ ದೇವಕಮ್ಮನ ಹಿಗ್ಗು ಅಲ್ಲಿಗೇ ಸತ್ತುಹೋಯಿತು. ದುರಗಮ್ಮನ ಮಗ ಚಂದ್ರಾಮಪ್ಪನ ಮನೆ ದೇವಕಮ್ಮನ ತವರಿನ ಪಕ್ಕದ ಊರಲ್ಲೇ ಇತ್ತು. ಮದುವೆಗೆ ಮುಂಚೆ, ದುರಗಮ್ಮ ಇನ್ನೂ ಮಗನ ಮನೆಯಲ್ಲೇ ಇದ್ದಾಗ, ಯಾವುದೋ ಕಾರ್ಯಕ್ಕೆ ಹೋಗಿ ಅವಳು ಕಣ್ಣಾರೆ ಕಂಡಿದ್ದಳು. ದನದ ಕೊಟ್ಟಿಗೆಯ ಮೂಲೆಯಲ್ಲಿ ಮುದುಕಿಯ ಹಾಸಿಗೆ. ಎಲ್ಲರ ಊಟವಾದ ಮೇಲೆ ಸೊಸೆ ಅಲ್ಲಿಗೇ ತಂದು ಕುಕ್ಕುತ್ತಿದ್ದ ತಾಟು. ಒಂದು ಮಾತೂ ಆಡದೆ ತಲೆ ತಗ್ಗಿಸಿ ಉಣ್ಣುತ್ತಿದ್ದ ಆ ಹೆಂಗಸೇ ಈ ದುರಗಮ್ಮ ಎಂದು ನಂಬುವುದೇ ಕಷ್ಟವಾಗಿತ್ತು... ಈಗ ಮರೆವು ಬಂದ ಮುದುಕಿಯನ್ನು ಅಲ್ಲಿ ಬಿಟ್ಟರೆ ಗತಿಯೇನು?

ಅಂದಿನಿಂದ ದೇವಕಮ್ಮ ಒಲೆಯ ಹತ್ತಿರ ಕಾವಲಿದ್ದಳು. ಎರಡೆರಡು ಸಲ ಉಪ್ಪು ಬಿದ್ದ ಪಲ್ಯವನ್ನು ತಾನೇ ಕೆಡಿಸಿದೆನೆಂದಳು. ಬೆಳಗ್ಗೆ ಉಂಡದ್ದು ಮರೆತು ಮತ್ತೆ ತಾಟಿಗೆ ಕೂತರೆ ಸುಮ್ಮನೆ ಬಡಿಸಿದಳು. ಗಿಡವೊಂದೇ ಮುಚ್ಚಿಡಲಾಗದಂತೆ ಸಾಯುತ್ತ ಬಂತು. ಹುಸೇನಬೀಯ ಗಂಡ ಶರೀಫಸಾಬ ಡ್ಯಾಮಿನ ತೋಟದಲ್ಲಿ ಕೆಲಸಕ್ಕಿದ್ದ. ಅವನನ್ನು ಕೇಳಿ ಇದ್ದಿಲು, ಇಟ್ಟಿಗೆ ಚೂರು, ತೆಂಗಿನ ಜುಂಗು ಕೂಡಿಸಿಟ್ಟುಕೊಂಡು, ಮುದುಕಿ ಗುಡಿಗೆ ಹೋದ ವೇಳೆ ನೋಡಿ ಕೆಲಸಕ್ಕೆ ಕೂತಿದ್ದಳು. ಅದು ಹೀಗಾಯಿತು.

ಆ ಸಂಜೆ ಯಾರೂ ಅವಳೊಡನೆ ಮಾತಾಡಲಿಲ್ಲ. ದೀಪ ಹಚ್ಚುವ ಮುಂಚೆ ಹಿತ್ತಲಿಗೆ ಹೋಗಿ ಅವಳು ಅರ್ಧಕ್ಕೆ ನಿಂತ ಕೆಲಸ ಮುಗಿಸಿದಳು. ಉಳಿದ ಬೇರುಗಳನ್ನು ತೊಳೆದು, ಕೊಯ್ದ ಕಡೆಯೆಲ್ಲ ಅರಿಶಿನದ ಪುಡಿ ಒತ್ತಿ, ಕುಂಡದ ತಳಕ್ಕೆ ಇಟ್ಟಿಗೆ ಚೂರು ಹಾಕಿ, ಇದ್ದಿಲು ಜುಂಗಿನ ನಡುವೆ ಗಿಡವನ್ನು ಅಲುಗಾಡದಂತೆ ಕೂರಿಸಿದಳು. ಹೋಗುವವಳು ನಾನು, ಇದ್ಯಾಕೆ ಎಂದು ಒಂದು ಗಳಿಗೆ ಅನ್ನಿಸಿತು. ಆದರೂ ಕೈ ಬಿಡಲಿಲ್ಲ.

ಬೆಳಗಾಯಿತು. ಅವಳು ಚೀಲ ತುಂಬಿಟ್ಟು ಒಳಗೆ ರೇಣುಕಾಳ ಜಡೆ ಹಾಕುತ್ತಿದ್ದಳು. ಸಾಬಣ್ಣ ಹಿತ್ತಲ ಕಟ್ಟೆಯ ಮೇಲೆ ಚಹಾ ಹಿಡಿದು ಕೂತಿದ್ದ. ದುರಗಮ್ಮ ಬಂದು, ಮುಖ ತೊಳೆದು, ಗಿಡಕ್ಕೆ ಚಂಬು ನೀರು ಹಾಕಿದಳು. ಒಳಗೆ ಹೋದಳು. ಅವನ ಚಹಾ ಮುಗಿಯುವ ಮುಂಚೆಯೇ ಮತ್ತೆ ಬಂದಳು, ಮತ್ತೆ ಸುರಿದಳು. ಸಾಬಣ್ಣ ಹುಬ್ಬೇರಿಸಿದ. ಮೂರನೆಯ ಸಲ ಆಕೆ ಚಂಬು ಹಿಡಿದು ಬಂದಾಗ ಅವನು ಎದ್ದು ನಿಂತ.

"ಅತ್ತಿ, ಈಗ ಹಾಕಿದ್ರಲ್ಲ?"

"ಯಾವಾಗ? ಇನ್ನೂ ಮಾರೀನ ತೊಳದಿಲ್ಲ ನಾನು!"

ಆಕೆಯ ಗದ್ದದಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು.

ಸಾಬಣ್ಣ ಚಂಬು ಇಸಿದುಕೊಂಡ. ಒಳಗೆ ಬಂದು ಬಾಗಿಲಿಗೆ ಒರಗಿ ನಿಂತ. "ದೇವಕಿ... ಯಾವಾಗಿಂದ ಹಿಂಗ?"

ಅವಳು ರೇಣುಕಾಳ ಜಡೆಗೆ ರಿಬ್ಬನ್ ಕಟ್ಟಿದಳು.

"ನಿನಗ ಗೊತ್ತಿತ್ತು. ಗೊತ್ತಿದ್ದೂ ನಾನ ಹಾಕೀನಿ ಅಂದಿ. ನಾ ಏನೇನು ಅಂದೆ ನಿನಗ... ಯಾಕ ಹೇಳಲಿಲ್ಲ?"

"ಹೇಳಿದ್ರ ನೀವು ಚಂದ್ರಾಮಪ್ಪನ ಮನಿಗಿ ಒಯ್ದು ಬಿಡ್ತಿದ್ರಿ."

"ಬಿಡಲಾರದ ಏನ್ ಮಾಡ್ಲಿ? ಅವತ್ತು ಹೊಗ್ಯಾಗ ಕೂಸಿಗೇನರ ಆಗಿದ್ರ? ಹೆತ್ತ ಮಗ ಅದಾನ, ನೋಡ್ಕೊಳ್ಳಲಿ!"

"ಆ ಮನ್ಯಾಗ ಆಯಿನ ಎಲ್ಲಿ ಮಲಗಿಸ್ತಾರ ಗೊತ್ತೇನ್ರಿ ನಿಮಗ? ದನದ ಬಾಜುಕ! ನಾ ನೋಡೀನಿ. ಕಳಸೂದಾದ್ರ ನನ್ನೂ ಕಳಸ್ರಿ. ನನ್ನ ಚೀಲ ತಯಾರದ."

"ನಿನಗ ಇಷ್ಟು ಕಾಡ್ಯಾಳ ಆಕಿ..."

"ಕಾಡ್ಯಾಳ್ರಿ. ಬಾಳ ಕಾಡ್ಯಾಳ. ಹಂಗಂತ...?" ನಿನ್ನೆಯಿಂದ ತಡೆದಿಟ್ಟ ಅಳು ಒಮ್ಮೆಲೇ ನುಗ್ಗಿಬಂತು.

ಹಿತ್ತಲ ಬಾಗಿಲಲ್ಲಿ ದುರಗಮ್ಮ ನಿಂತಿದ್ದಳು! ಎಷ್ಟು ಕೇಳಿಸಿಕೊಂಡಿದ್ದಳೋ. ಆಕೆಯ ಕಣ್ಣು ಅಂದು ಬಹಳ ದಿನದ ಮೇಲೆ ನಿಚ್ಚಳವಾಗಿತ್ತು. ಅದನ್ನು ನೋಡಿಯೇ ದೇವಕಮ್ಮನಿಗೆ ಭಯವಾಯಿತು.

"ದೇವಕಿ... ಗಿಡಕ್ಕ ನೀರು ನಾನ ಸುರದೀನೇನು?"

"ಇಲ್ಲ ಆಯಿ, ನಾನು..."

"ಸುಳ್ಳು ಹೇಳಬ್ಯಾಡ." ದುರಗಮ್ಮ ತನ್ನ ಅಂಗೈ ತಿರುಗಿಸಿ ನೋಡಿಕೊಂಡಳು. "ನನ್ನ ಮಗಳ ಗಿಡಾನ ನಾನ ಮುಳುಗಿಸೀನಿ... ಹಾಲು ಸುಟ್ಟಾಕಿನೂ ನಾನ ಏನು? ನನಗ ನೆನಪಿಲ್ಲ ನೋಡಪ್ಪಾ ಸಾಬಣ್ಣ. ಏನೂ ನೆನಪಿಲ್ಲ." ತನ್ನ ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತಳು.

ಮಧ್ಯಾಹ್ನ ಊಟಕ್ಕೆ ಕರೆಯಲು ಹೋದರೆ ಮೂಲೆ ಖಾಲಿ!

"ಅತ್ತೀ...!" ಸಾಬಣ್ಣ ಓಣಿ ತುಂಬ ಕೂಗಿದ. ಹುಸೇನಬೀ ಓಡಿ ಬಂದು, "ಕಾಲುವಿ ಏರಿ ಕಡಿ ಹೊಂಟಿದ್ದು ನೋಡೀನಲ್ರಿ ಅಣ್ಣಾ" ಎಂದಳು. ಅಷ್ಟೇ ಸಾಕಾಯಿತು. ಆ ಕಾಲುವೆಯ ಸೆಳೆತ ಸಾಬಣ್ಣನಿಗೆ ಗೊತ್ತಿದ್ದಷ್ಟು ಬೇರೆ ಯಾರಿಗೆ ಗೊತ್ತು! ದಿನವೂ ಅದರ ಗೇಟು ಏರಿಸಿ ಇಳಿಸುವವನು ಅವನೇ. ಚಪ್ಪಲಿಯೂ ಇಲ್ಲದೆ ಏರಿಯ ಮೇಲೆ ಓಡಿದ.

ದೇವಕಮ್ಮನೂ ನಾಲ್ಕು ಹೆಜ್ಜೆ ಓಡಿ, ಥಟ್ಟನೆ ನಿಂತು, ತಿರುಗಿ ಮನೆಗೆ ಬಂದಳು. ಗೂಟದಲ್ಲಿದ್ದ ಮುದುಕಿಯ ಕೌದಿ ಇರಲಿಲ್ಲ. ಕುಬಸ, ಎಲೆಯಡಕೆ ಚೀಲ, ಯಾವುದೂ ಇರಲಿಲ್ಲ. ಸಾಯಲು ಹೊರಟವರು ಕೌದಿ ಒಯ್ಯುವುದಿಲ್ಲ! ಏರಿಯ ಆಚೆಗೇ ಬಸ್ ನಿಲ್ಲುವ ಜಾಗ; ಮಗನ ಊರಿಗೆ ಹೋಗಬೇಕಾದರೆ ಹುಣಸಗಿಯಲ್ಲಿ ಬಸ್ ಬದಲಿಸಬೇಕು. ರೇಣುಕಾಳನ್ನು ಹುಸೇನಬೀಯ ಕೈಗೆ ಕೊಟ್ಟು, ಹೋಗುವ ಕಡೆ ಹೇಳಿ, ಅವಳು ಹುಣಸಗಿಯ ಬಸ್ ಹತ್ತಿದಳು. ದಾರಿಯುದ್ದಕ್ಕೂ ಹಸಿರು ಗದ್ದೆಗಳು ಓಡುತ್ತಿದ್ದವು. ಅವಳ ಕಣ್ಣಿಗೆ ಯಾವುದೂ ಕಾಣಲಿಲ್ಲ.

ಹುಣಸಗಿಯ ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ತುದಿಯಲ್ಲಿ, ಕೌದಿಯ ಗಂಟು ತೊಡೆಯ ಮೇಲಿಟ್ಟುಕೊಂಡು ದುರಗಮ್ಮ ಕೂತಿದ್ದಳು. ದೇವಕಮ್ಮನಿಗೆ ಹೋದ ಜೀವ ಬಂದಂತಾಯಿತು. ಓಡಿಹೋಗಿ ಆಕೆಯ ಕಾಲ ಬಳಿ ಕುಸಿದಳು.

"ಎಲ್ಲಿಗಿ ಹೊಂಟಿದ್ದಿ ಆಯಿ?"

"ಎಲ್ಲಿಗೋ ಹೊಂಟಿದ್ನವ್ವಾ... ಹತ್ತುವಾಗ ಗೊತ್ತಿತ್ತು. ಇಲ್ಲಿ ಇಳದ ಮ್ಯಾಲ ಮರತಬಿಟ್ಟೆ." ಮುದುಕಿ ಗಂಟನ್ನು ಹತ್ತಿರಕ್ಕೆ ಎಳೆದುಕೊಂಡಳು. "ಎಲ್ಲಾ ಬಸ್ಸಿನ ಮುಂದ ನಿಂತು ನೋಡಿದೆ. ಯಾವ ಊರಿನ ಹೆಸರು ಕೂಗಿದ್ರೂ ನಂದು ಅನಸಲಿಲ್ಲ."

ಅಲ್ಲೇ ನಿಂತಿದ್ದ ಕಂಡಕ್ಟರ್ ಮಸ್ತಾನಸಾಬ, "ನಾನ ಇಲ್ಲಿ ಕೂಡಸೀನ್ರಿ ಬಾಯಾರ. ಕೇಳಿದ್ರ ಊರಿನ ಹೆಸರು ಹೇಳಲಾರಳು. ಈ ಮುದುಕಿ ನಿಮಗೇನಾಗಬೇಕು?" ಎಂದ.

ದೇವಕಮ್ಮ ಬಾಯಿ ತೆರೆಯುವ ಮೊದಲೇ ದುರಗಮ್ಮ ಹೇಳಿದಳು: "ಈಕಿ ನನ್ನ ಮಗಳ ಸವತಿ. ನನ್ನ ಹುಡುಕ್ಯಾಡಕೋತ ಬಂದಾಳ ನೋಡಪ್ಪಾ... ನನ್ನ ಮಗ ಬಂದಿಲ್ಲ, ಈಕಿ ಬಂದಾಳ."

ಮಸ್ತಾನಸಾಬ ಟೊಪ್ಪಿಗೆ ಸರಿಮಾಡಿಕೊಂಡು ಆಚೆ ಹೋದ. ದೇವಕಮ್ಮ ಮುದುಕಿಯ ಮೊಣಕಾಲಿಗೆ ಹಣೆ ಹಚ್ಚಿ ಅತ್ತಳು. ಒರಟು ಕೈಯೊಂದು ಅವಳ ತಲೆಯ ಮೇಲೆ ಬಂದು ಕೂತಿತು.

"ನಿನಗ ಬಾಳ ಕೆಟ್ಟ ಮಾತು ಆಡೀನಿ ದೇವಕಿ. ನೆನಪಿರೂದ್ರಾಗ ಹೇಳಿಬಿಡ್ತೀನಿ. ನಾಳಿ ಮತ್ತ ಆಡಿದ್ರ... ಮನಸಿಗಿ ಹಚ್ಗೋಬ್ಯಾಡ."

ಹೊತ್ತು ಇಳಿಯುವಾಗ ಅವರು ನಾರಾಯಣಪುರದಲ್ಲಿ ಬಸ್ಸಿಳಿದರು. ಸಾಬಣ್ಣ ಅಲ್ಲೇ ನಿಂತಿದ್ದ, ಎದೆಮಟ್ಟ ಒದ್ದೆಯಾಗಿ, ಕಾಲೆಲ್ಲ ತರಚಿಕೊಂಡು. ಗೇಟಿನ ಕಂಬಿಗೆ ತೇಲಿ ಬಂದು ಸಿಕ್ಕಿದ್ದ ಯಾವುದೋ ಹಳೆಯ ಸೀರೆಯನ್ನು ಅತ್ತೆಯೆಂದೇ ತಿಳಿದು ನೀರಿಗಿಳಿದಿದ್ದ. ಇಬ್ಬರನ್ನೂ ಕಂಡು ಓಡಿಬಂದ. ಮುದುಕಿಯ ಗಂಟು ಇಸಿದುಕೊಂಡ. ಹೆಂಡತಿಯ ಮುಖ ನೋಡಲಾರದೆ ನೆಲ ನೋಡುತ್ತ, "ಮನಿಗಿ ನಡೀರಿ" ಎಂದ. ಸ್ವಲ್ಪ ದೂರ ನಡೆದ ಮೇಲೆ, "ನಿನ್ನ ಚೀಲದಾಗಿನ ಅರಿವಿ ತಗದು ಟ್ರಂಕಿನ್ಯಾಗ ಇಟ್ಟೀನಿ ದೇವಕಿ" ಎಂದು ಮೆಲ್ಲಗೆ ಸೇರಿಸಿದ.

ಚಂದ್ರಾಮಪ್ಪನ ಮನೆಯ ಮಾತು ಆಮೇಲೆ ಆ ಮನೆಯಲ್ಲಿ ಏಳಲಿಲ್ಲ. ಆದರೆ ದುರಗಮ್ಮನ ಆ ನಿಚ್ಚಳ ಗಳಿಗೆಗಳು ಒಂದೊಂದಾಗಿ ಕಡಿಮೆಯಾದವು. ಗಿಡ ಬದುಕಿತು. ಹೂವಿಲ್ಲ, ಎರಡು ಎಳೆ ಎಲೆಗಳಷ್ಟೇ. ಆಕೆಗೆ ಅದರ ಗುರುತೂ ಉಳಿಯಲಿಲ್ಲ. ಮಗಳು ಸತ್ತದ್ದನ್ನೂ ಮರೆತಳು. "ಅಮೃತಾ ಎಲ್ಲಿ?" ಎಂದು ಕೇಳುವಳು. ಮೊದಲ ಸಲ ಸಾಬಣ್ಣ ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟ. ಅಂದು ಆ ಮುದುಕಿ ಹೆಣದ ಮುಂದೆ ಕೂತಂತೆ ಎದೆ ಬಡಿದುಕೊಂಡು ಅತ್ತದ್ದನ್ನು ನೋಡಲಾಗಲಿಲ್ಲ... ಮರುದಿನ ಮತ್ತೆ ಅದೇ ಪ್ರಶ್ನೆ! ಅಂದು ದೇವಕಮ್ಮ ಗಂಡನ ಕೈ ಹಿಡಿದು ತಡೆದು, ತಾನೇ ಉತ್ತರ ಕೊಟ್ಟಳು: "ಸಾಲಿಗಿ ಹೋಗ್ಯಾಳ ಆಯಿ. ಸಂಜಿಗಿ ಬರ್ತಾಳ."

"ಯಾಕ ಹಿಂಗ ಸುಳ್ಳು ಹೇಳ್ತಿ?" ಎಂದು ಸಾಬಣ್ಣ ಆಮೇಲೆ ಕೇಳಿದ. ಅವನ ಕಣ್ಣು ತುಂಬಿತ್ತು. "ಹೇಳುವಾಗ ನಿನಗೇನೂ ಅನಸೂದಿಲ್ಲೇನು?"

"ಅನಸತದ್ರಿ" ಎಂದಳು ದೇವಕಮ್ಮ. "ಆದ್ರ ಆಕಿ ದಿನಾ ಮಗಳನ್ನ ಕಳಕೊಳ್ಳೂದು ಬ್ಯಾಡ."

ಅಂದಿನಿಂದ ಅದೇ ರೂಢಿಯಾಯಿತು. ಒಂದು ಸಂಜೆ ದೇವಕಮ್ಮ ರೊಟ್ಟಿಯ ತುತ್ತು ಬಾಯಿಗಿಡುತ್ತಿದ್ದಾಗ ದುರಗಮ್ಮ ಅವಳ ಮುಖವನ್ನು ದಿಟ್ಟಿಸಿ ನೋಡಿದಳು. ಗುರುತು ಸಿಗಲಿಲ್ಲ.

"ಅಮೃತಾ ಇನ್ನೂ ಸಾಲ್ಯಾಗ ಅದಾಳ ಅಂದ್ರ... ನೀ ಯಾರವ್ವಾ?"

ತುತ್ತು ಹಿಡಿದ ಕೈ ಒಂದು ಕ್ಷಣ ನಿಂತಿತು. ಬಾಗಿಲ ಬಳಿ ಇದ್ದ ಸಾಬಣ್ಣ ತಿರುಗಿ ನೋಡಿದ.

"ನಾನಾ...? ಆಕಿ ಬರೂತನಕ ಮನಿ ನೋಡ್ಕೊಳ್ಳಾಕ ಬಂದೀನಿ ಆಯಿ."

"ಹೌದಾ..." ಮುದುಕಿ ಸಮಾಧಾನದಿಂದ ಬಾಯಿ ತೆರೆದಳು. "ಆಕಿ ಬರೂದು ತಡ ಆಗತದ. ಹೋಗಬ್ಯಾಡವ್ವಾ. ಇರು."

"ಇರ್ತೀನಿ ಆಯಿ" ಎಂದಳು ದೇವಕಮ್ಮ.